ಶಿವಕಾಂತಮ್ಮನ ಪದರ ಮೊಸರು

ಶಿವಕಾಂತಮ್ಮನವರೊಂದಿಗೆ ಮೊದಲ ಮಾತುಕತೆ ನಿಗದಿಯಾದದ್ದು ಅವರ ಮೊಮ್ಮಗಳು ಗೌತಮಿಯ ಮೂಲಕ. ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಕಾಲೇಜೊಂದರಲ್ಲಿ ಬಿ.ಎ. ಓದುತ್ತಿದ್ದ ಗೌತಮಿಗೆ, ನಂದೂರಿನ ಬೇಳೆ ಗಿರಣಿಗಳಲ್ಲಿ ದುಡಿದ ಹೆಂಗಸರ ನೆನಪುಗಳನ್ನು ದಾಖಲಿಸುವ ಕೆಲಸ ನಡೆದಿರುವುದು ತಿಳಿಯಿತು. ‘ನಮ್ಮ ಅಜ್ಜಿನೂ ಗಿರಣ್ಯಾಗ ದುಡದಾಳ್ರಿ’ ಎಂದು ಅವಳು ಹೇಳಿಕಳಿಸಿದಳು. ಮೊದಲು ಒಂದು ಗುರುವಾರ ಎಂದಾಯಿತು. ಅದು ಓಣಿಗೆ ನೀರು ಬಿಡುವ ದಿನವಾದ್ದರಿಂದ ಮುಂದಕ್ಕೆ ಹೋಯಿತು. ಆಮೇಲೆ ಗೊತ್ತು ಮಾಡಿದ ದಿನ ನೆಂಟರ ಮನೆಯಲ್ಲಿ ತೊಟ್ಟಿಲ ಕಾರ್ಯ ಬಂತು. ಕೊನೆಗೆ ಶಿವಕಾಂತಮ್ಮ ತಾವೇ ಮೊಮ್ಮಗಳ ಫೋನು ಕಸಿದುಕೊಂಡು ಮಾತಾಡಿದರು.

“ಐತವಾರ ಮುಂಜಾನೆ ಬರ್ರಿ. ಹೊಟ್ಟಿ ಖಾಲಿ ಇಟಗೊಂಡ ಬರ್ರಿ. ನಾಷ್ಟಾ ಮಾಡಿ ಬಂದವರ ಸಂಗಟ ನಾ ಮಾತಾಡಂಗಿಲ್ಲ.”

ಹೀಗೆ 2024ರ ಜನವರಿಯ ಒಂದು ಭಾನುವಾರ, ಸೂಪರ್ ಮಾರ್ಕೆಟ್ಟಿನ ಹಿಂದಿನ ಓಣಿಯ ಎರಡು ಕೋಣೆಗಳ ಆ ಮನೆಯಲ್ಲಿ ಮಾತು ಶುರುವಾಯಿತು. ಶುರುವಾದದ್ದು ಗಿರಣಿಯಿಂದಲ್ಲ, ಮೊಸರಿನಿಂದ.

ಅಡುಗೆಮನೆಯ ಮೊಳೆಗೆ ಬಿಳಿ ಅರಿವೆಯ ಗಂಟೊಂದು ತೂಗುತ್ತಿತ್ತು. ಹಿಂದಿನ ಸಂಜೆ ಕಟ್ಟಿದ ಮೊಸರು ನೀರೆಲ್ಲ ಇಳಿದು ಗಟ್ಟಿ ಚಕ್ಕಾ ಆಗಿತ್ತು. ಶಿವಕಾಂತಮ್ಮ ಗಂಟು ಬಿಚ್ಚಿ, ಚಕ್ಕಾಕ್ಕೆ ಪುಡಿ ಬೆಲ್ಲ ಸೇರಿಸಿ, ಕಟ್ಟಿಗೆಯ ಸೌಟಿನಿಂದ ಒಂದೇ ದಿಕ್ಕಿಗೆ ತಿರುವಿದರು. ಕೆಂಪು ಬಾಳೆಹಣ್ಣಿನ ಸಿಪ್ಪೆ ಸುಲಿದು ಬಿಲ್ಲೆ ಬಿಲ್ಲೆಯಾಗಿ ಕೊಯ್ದರು. ಗಾಜಿನ ಗ್ಲಾಸಿನ ತಳಕ್ಕೆ ಹಣ್ಣು, ಅದರ ಮೇಲೆ ಚಕ್ಕಾ, ಮತ್ತೆ ಹಣ್ಣು, ಮತ್ತೆ ಚಕ್ಕಾ. ಎಲ್ಲಕ್ಕಿಂತ ಮೇಲೆ ಮುಷ್ಟಿ ತುಂಬ ಹುರಿದು ಅರಳಿಸಿದ ಜೋಳದ ಅಳ್ಳು ಮತ್ತು ನಾಲ್ಕು ದಾಳಿಂಬೆ ಕಾಳು. ಹೊರಗಿನಿಂದ ನೋಡಿದರೆ ಇಳಕಲ್ ಸೀರೆಯ ಅಂಚಿನ ಹಾಗೆ ಪಟ್ಟಿ ಪಟ್ಟಿಯಾಗಿ ಕಾಣುತ್ತಿತ್ತು.

“ಅಳ್ಳು ಕಡೀಕ ಹಾಕಬೇಕ್ರಿ. ಮೊಸರಿನ ಬುಡಕ ಹೋತಂದ್ರ ತೊಯ್ದ ಅರಿವಿಯಂಗ ಆಗತಾವ. ಬಾಯಾಗ ಕರ್ ಅನಬೇಕು, ಅಂದ್ರನ ಮಜಾ.”

“ಮೊಬೈಲಿನ್ಯಾಗ ಇದಕ್ಕ ಬ್ಯಾರೆ ಹೆಸರದ ಅಜ್ಜಿ, ಭಾಳ ದೊಡ್ಡ ಹೆಸರು” ಎಂದಳು ಗೌತಮಿ.

“ಇರಲಿ ಬಿಡು. ದೊಡ್ಡ ಹೆಸರಿಟ್ಟರ ಹೊಟ್ಟಿ ಹೆಚ್ಚು ತುಂಬತದೇನು? ನಮ್ಮದು ಪದರ ಮೊಸರು.”

ಗಿರಣಿ ಬಿಟ್ಟ ಮೇಲೆ ಅವರು ಒಬ್ಬ ಡಾಕ್ಟರ ಮನೆಯಲ್ಲಿ ಕೆಲವು ವರ್ಷ ಅಡುಗೆಗಿದ್ದರು. ಪುಣೆಯಿಂದ ಬಂದಿದ್ದ ಆ ಮನೆಯ ಸೊಸೆ ಮುಂಜಾನೆ ಚಕ್ಕಾ, ಸೇಬು ಮತ್ತು ಡಬ್ಬಿಯಲ್ಲಿ ಬರುವ ಮೆಕ್ಕೆಜೋಳದ ಅವಲಕ್ಕಿಯನ್ನು ಹೀಗೆ ಪದರ ಪದರವಾಗಿ ಇಟ್ಟು ತಿನ್ನುತ್ತಿದ್ದಳು. ಶಿವಕಾಂತಮ್ಮ ಅದನ್ನು ಕಣ್ಣಿನಲ್ಲೇ ಕಲಿತು, ಸೇಬಿನ ಜಾಗಕ್ಕೆ ತವರಿನ ಬಾಳೆಯನ್ನೂ ಡಬ್ಬಿಯ ಅವಲಕ್ಕಿಯ ಜಾಗಕ್ಕೆ ಅಳ್ಳನ್ನೂ ತಂದರು. ತವರೆಂದರೆ ಕಮಲಾಪುರ. ಅಲ್ಲಿ ತಮ್ಮ ದತ್ತಪ್ಪ ಪಾಲಿಗೆ ಮಾಡಿದ ತೋಟದಲ್ಲಿ ಕೆಂಪು ಬಾಳೆ ಬೆಳೆಯುತ್ತಾನೆ. ಗೊನೆ ಬಿದ್ದಾಗಲೆಲ್ಲ ಅಕ್ಕನಿಗೆ ಒಂದು ಚಿಪ್ಪು ಕಳಿಸುವುದನ್ನು ಅವನು ತಪ್ಪಿಸಿಲ್ಲ.

ಅದೇ ಕಮಲಾಪುರದಲ್ಲಿ ಅವರ ತಾಯಿ ದೊಡ್ಡವರ ಮನೆಗಳ ಹಿತ್ತಿಲ ಕಸ ಬಳಿಯುತ್ತಿದ್ದರು. ಕೆಲಸ ಮುಗಿದ ಮೇಲೆ ಹಿಂದಿನ ಬಾಗಿಲಲ್ಲಿ ನಿಂತು, ಮನೆಯವರು ಉಂಡು ಬಿಟ್ಟದ್ದನ್ನು ಸೆರಗಿಗೆ ಹಾಕಿಸಿಕೊಂಡು ಬರುತ್ತಿದ್ದರು. ಬುದ್ಧ ವಿಹಾರಕ್ಕೆ ಹೋಗತೊಡಗಿದ ಮೇಲೆ ತಂದೆ ಅದನ್ನು ನಿಲ್ಲಿಸಿದರು. ಈ ಸಂಗತಿಯನ್ನು ಶಿವಕಾಂತಮ್ಮ ಮಕ್ಕಳಿಗೂ ಹೇಳಿರಲಿಲ್ಲ. ಹೇಳಿದ್ದು ಒಬ್ಬರಿಗೆ ಮಾತ್ರ, ನೂರಜಹಾನರಿಗೆ.

ನೂರಜಹಾನ್ ಪಕ್ಕದ ಮನೆಯವರು. ಗಂಡ ಅಲ್ಲಾಬಕ್ಷ ಆಟೋ ಓಡಿಸುತ್ತಿದ್ದ. ಶಿವಕಾಂತಮ್ಮನ ಗಂಡ ಗುಂಡಣ್ಣ ಗಿರಣಿಯಲ್ಲಿ ಹಮಾಲಿ. ಹೆಂಗಸರಿಬ್ಬರೂ ಅದೇ ಗಿರಣಿಯಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನಡುವಿನ ಗೋಡೆ ಎದೆಯೆತ್ತರದ್ದು. ಒಬ್ಬರ ಮೊಸರು ಕೆಟ್ಟರೆ ಇನ್ನೊಬ್ಬರ ಮನೆಯ ಹೆಪ್ಪು ಬಟ್ಟಲಲ್ಲಿ ಗೋಡೆ ದಾಟುತ್ತಿತ್ತು. ಯಾವ ಮನೆಯ ಹೆಪ್ಪು ಮೊದಲಿನದೆಂದು ಇಬ್ಬರಿಗೂ ಮರೆತುಹೋಗಿತ್ತು. ಒಂದು ಮಧ್ಯಾಹ್ನ ಗಿರಣಿಯಲ್ಲಿ ಬುತ್ತಿ ಬಿಚ್ಚಿದಾಗ ತಾಯಿಯ ಸೆರಗಿನ ಕತೆ ಹೇಗೋ ಬಾಯಿಗೆ ಬಂತು. ನೂರಜಹಾನ್ ರೊಟ್ಟಿ ಕೆಳಗಿಟ್ಟರು. ಆಮೇಲೆ, “ನಮ್ಮ ಮನ್ಯಾಗ ನಿನಗ ಯಾರೂ ಬಾಯಿ ಹಚ್ಚಿದ್ದು ಕೊಡಂಗಿಲ್ಲಬೇ ಶಿವೀ. ನನ್ನ ಆಣಿ” ಎಂದರು.

ಇಷ್ಟು ಹೇಳಿದ ಶಿವಕಾಂತಮ್ಮ ಮೊದಲ ಬೈಠಕ್ಕಿನಲ್ಲಿಯೇ ದನಿ ಗಡುಸು ಮಾಡಿ ಮುಂದಿನದನ್ನೂ ಹೇಳಿದರು. 2015ರ ಬೇಸಿಗೆ. ಆಗ ಎಲ್ಲಿಂದಲೋ ಬಂದ ಕೆಂಪು ಬಾಳೆಯನ್ನು ಕಮಲಾಪುರದ್ದೆಂದು ಸೂಪರ್ ಮಾರ್ಕೆಟ್ಟಿನ ಕೈಗಾಡಿಗಳಲ್ಲಿ ಮಾರುತ್ತಿದ್ದರು. ಓಣಿಯ ಹೆಂಗಸರಿಗೆ ಅದೊಂದು ನಗೆಯ ವಿಷಯವಾಗಿತ್ತು. ಒಂದು ಮುಂಜಾನೆ ಶಿವಕಾಂತಮ್ಮ ಪದರ ಮೊಸರಿನ ಗ್ಲಾಸು ಹಿಡಿದು ನೂರಜಹಾನರ ಕಟ್ಟೆಗೆ ಹೋದರು. ಅಲ್ಲಿ ಇನ್ನಿಬ್ಬರು ಹೆಂಗಸರು ಕುಳಿತಿದ್ದರು.

“ಖರೇ ಕಮಲಾಪುರದ್ದು ನೋಡ್ರವಾ. ನಮ್ಮ ತಮ್ಮನ ತ್ವಾಟದ್ದು” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಗ್ಲಾಸು ಕೊಟ್ಟರು. ನೂರಜಹಾನ್ ಒಳಗೆ ಒಯ್ದಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಎರಡು ಚಮಚ ಹಿಡಿದು ಗ್ಲಾಸಿನೊಂದಿಗೆ ಹೊರಬಂದವರು ಅದನ್ನೊಮ್ಮೆ ನೋಡಿದರು. ಶಿವಕಾಂತಮ್ಮ ಎಂದಿನಂತೆ ಒಂದೇ ಗ್ಲಾಸಿನಲ್ಲಿ ಪಾಲು ಮಾಡಲು ಕೈ ಚಾಚಿದಾಗ ನೂರಜಹಾನ್ ಬೇಡವೆಂದು ಗ್ಲಾಸನ್ನು ಹಿಂದಕ್ಕೆ ಎಳೆದುಕೊಂಡರು.

“ನಕ್ಕೋ ನಕ್ಕೋ, ಜೂಟಾ ಹೈ.”

ಕಟ್ಟೆಯ ಮೇಲಿನ ಹೆಂಗಸರು ನಕ್ಕರು. ಶಿವಕಾಂತಮ್ಮ ಎದ್ದು ಮನೆಗೆ ಬಂದರು.

“ಝೂಟಾ ಅಂದಳ್ರಿ. ನನ್ನ ತವರಿನ ಹಣ್ಣಿಗೆ ಸುಳ್ಳು ಅಂದಳು. ನಾಕು ಮಂದಿ ಮುಂದ. ಗಿರಣ್ಯಾಗ ಕಲಬೆರಕಿ ಮಾಲಿಗಿ ಅಂತಿದ್ದಿವಲ್ಲ, ಝೂಟಾ ಮಾಲ್ ಅಂತ, ಹಂಗ.”

ಅಂದಿನಿಂದ ಹೆಪ್ಪು ಗೋಡೆ ದಾಟಲಿಲ್ಲ. ನೂರಜಹಾನ್ ಎರಡು ಸಲ ಕೂಗಿದರು, ಶಿವಕಾಂತಮ್ಮ ಓಗೊಡಲಿಲ್ಲ. ಮೂರನೆಯ ಸಲ ಅವರು ಕೂಗಲಿಲ್ಲ. ಮುಂದೆ ಗುಂಡಣ್ಣ ತೀರಿಕೊಂಡರು, ಅಲ್ಲಾಬಕ್ಷನೂ ಹೋದ. ನೂರಜಹಾನರ ಮಗ ಫುರ್ಕಾನ್ ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಬ್ಯಾಟರಿ ರಿಪೇರಿ ಅಂಗಡಿ ಇಟ್ಟು ತಾಯಿಯನ್ನು ಅಲ್ಲಿಗೆ ಕರೆದೊಯ್ದ. “ನೋಡ್ರಿ ತಮಾಷಿ, ನನ್ನ ತವರಿಗೇ ಹೋಗಿ ಕುಂತಾಳ” ಎಂದು ಶಿವಕಾಂತಮ್ಮ ಆ ದಿನದ ಮಾತು ಮುಗಿಸಿದರು.

ಮೂರನೆಯ ಬೈಠಕ್ಕಿಗೆ ಗೌತಮಿಯ ಗೆಳತಿ ಹಾಜಿರಾ ಬಂದಿದ್ದಳು. ಪರೀಕ್ಷೆಗೆ ಇಬ್ಬರೂ ಕೂಡಿ ಓದುತ್ತಿದ್ದರು. ಅಜ್ಜಿ ಅವಳಿಗೂ ಒಂದು ಗ್ಲಾಸು ತುಂಬಿ ಕೊಟ್ಟರು. ಹಾಜಿರಾ ಅರ್ಧ ತಿಂದು ಸಾಕೆಂದಳು. ಉಳಿದದ್ದು ಹಾಳಾಗಬಾರದೆಂದು ಶಿವಕಾಂತಮ್ಮ ಗ್ಲಾಸಿಗೆ ಕೈ ಚಾಚಿದರು. ಹುಡುಗಿ ಅದನ್ನು ತಟ್ಟನೆ ಎದೆಗೆ ಹಿಡಿದುಕೊಂಡಳು.

“ಬ್ಯಾಡ್ರಿ ಅಜ್ಜಿ, ಜೂಟಾ ಅದ.”

ಶಿವಕಾಂತಮ್ಮನ ಕೈ ಅಲ್ಲಿಯೇ ನಿಂತಿತು.

“ಏನಂದಿ? ನನ್ನ ಹಣ್ಣಿಗಿ ಝೂಟಾ ಅಂತೀಯೇನು ನೀನೂ?”

“ಅಯ್ಯ, ಹಣ್ಣಿಗಲ್ರಿ!” ಹಾಜಿರಾ ಗಾಬರಿಯಾಗಿ ನಕ್ಕಳು. “ಸುಳ್ಳ ಅಲ್ರಿ ಅಜ್ಜಿ. ಜೂಟಾ ಅಂದ್ರ ಎಂಜಲ. ನಾ ಚಮಚಿ ಹಾಕೀನಲ್ಲ, ನಿಮಗ ಹ್ಯಾಂಗ ಕೊಡ್ಲಿ? ನಮ್ಮ ಮನ್ಯಾಗ ಎರಡಕ್ಕೂ ಹಂಗೇ ಅಂತಾರ್ರಿ, ಕೇಳಿದರ ಒಂದೇ ಕೇಳಸ್ತದ.”

“ಎಂಜಲ” ಎಂದರು ಶಿವಕಾಂತಮ್ಮ.

“ಹೂಂ ರೀ. ಬಾಯಿ ಹಚ್ಚಿದ್ದು.”

ಗೌತಮಿ ನಗುತ್ತಿದ್ದಳು. ಅಜ್ಜಿ ಮಾತ್ರ ಒಲೆಯ ಕಡೆ ತಿರುಗಿ ಕುಳಿತರು. ಅಂದು ಕಟ್ಟೆಯಿಂದ ಗ್ಲಾಸು ಒಳಗೆ ಹೋದ ಹೊತ್ತಿನಲ್ಲಿ ನೂರಜಹಾನರ ಮನೆಯಲ್ಲಿ ಮೊಮ್ಮಗುವೊಂದು ತೆವಳಾಡಿಕೊಂಡಿತ್ತೆಂಬುದು ಅವರಿಗೆ ಈಗ ನೆನಪಾಯಿತು. ಕೈಗೆ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುವ ಕೂಸು. ಕಟ್ಟೆಯ ಹೆಂಗಸರು ನಕ್ಕದ್ದು ಹೊಸ್ತಿಲಿಗೆ ಬಂದ ಕೂಸಿನ ಮೊಸರು ಮೆತ್ತಿದ ಮುಖ ನೋಡಿ ಇರಬಹುದು. ಇರಬಹುದು ಏನು, ಇರಲೇಬೇಕು. ಕೂಸನ್ನು ಗದರಿಸುತ್ತ ಹೊರಬಂದ ನೂರಜಹಾನರ ಬಾಯಲ್ಲಿ ಮನೆಮಾತೇ ಉಳಿದಿತ್ತು. ಕೂಸು ಬಾಯಿ ಹಾಕಿದ್ದನ್ನು ಆ ಓಣಿಯಲ್ಲಿ ಯಾರೂ ಎಂಜಲೆಂದು ಎಣಿಸುವುದಿಲ್ಲ. ಆದರೂ ಗ್ಲಾಸನ್ನು ಹಿಂದಕ್ಕೆಳೆದುಕೊಂಡದ್ದು ಗಿರಣಿಯ ನೆರಳಿನಲ್ಲಿ ಇಟ್ಟ ಒಂದು ಆಣೆಗಾಗಿ. ಮಾತು ಉಳಿಸಿಕೊಂಡವಳ ಮೇಲೆಯೇ ಅವರು ಇಷ್ಟು ವರ್ಷ ಮುನಿದಿದ್ದರು.

“ಫೋನ್ ಹಚ್ಚಲೇನಜ್ಜಿ? ಫುರ್ಕಾನ್ ಕಾಕಾನ ನಂಬರ್ ಅದ” ಎಂದಳು ಗೌತಮಿ.

“ಬ್ಯಾಡ. ಎದುರಾಎದುರು ನಿಂತಾಗನ ಒಂದು ಅಂದ್ರ ಇನ್ನೊಂದು ಕೇಳೀನಿ. ಫೋನಿನ್ಯಾಗ ಇನ್ನೇನು ಕೇಳತೀನೋ.”

ಹೋಗುವುದಾದರೆ ಬರಿಗೈಯಲ್ಲಿ ಹೋಗಲಾರೆ ಎಂದರು. ದತ್ತಪ್ಪ ಕಳಿಸಿದ ಹಸಿ ಚಿಪ್ಪನ್ನು ಜೋಳದ ಚೀಲದೊಳಗೆ ಹುಲ್ಲಿನಲ್ಲಿ ಹುಗಿದಿಟ್ಟು ದಿನವೂ ಮುಟ್ಟಿ ನೋಡಿದರು. ಕೆಂಪು ಬಾಳೆ ಬಣ್ಣ ನೋಡಿ ತಿಳಿಯುವ ಹಣ್ಣಲ್ಲ, ಕಾಯಿದ್ದಾಗಲೂ ಕೆಂಪೇ. ಹಣ್ಣು ಮೆತ್ತಗಾದ ಮುಂಜಾನೆ ಚಕ್ಕಾವನ್ನು ಸ್ಟೀಲಿನ ಡಬ್ಬಿಗೆ ತುಂಬಿ, ಅಳ್ಳನ್ನು ಬೇರೆ ಪೊಟ್ಟಣ ಕಟ್ಟಿ, ಮೊಮ್ಮಗಳ ಜೊತೆ ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದರು.

ಕಮಲಾಪುರದಲ್ಲಿ ಫುರ್ಕಾನನ ಅಂಗಡಿಯ ಹಿಂದೆಯೇ ಮನೆ. ನೂರಜಹಾನ್ ಮಂಚದ ಮೇಲೆ ಕುಳಿತು ಮೆಂತೆಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತಿ ನೋಡಿದರು, ಗುರುತು ಹಿಡಿದರು, ದುಪಟ್ಟಾ ಸರಿಮಾಡಿಕೊಂಡರು.

“ಬರ್ರಿ ಶಿವಕಾಂತಮ್ಮಾರೆ. ಕುಂದರ್ರಿ.”

ಆ ಬಹುವಚನ ಶಿವಕಾಂತಮ್ಮನಿಗೆ ಹೊಸ್ತಿಲಲ್ಲಿಯೇ ತಾಗಿತು. ‘ಬಾರಬೇ ಶಿವೀ’ ಎನ್ನುತ್ತಿದ್ದ ಬಾಯಿ ಅದು. ಒಂದು ಬಟ್ಟಲು ಕೇಳಿ ತೆಗೆದುಕೊಂಡು, ನೆಲದ ಮೇಲೆ ಕುಳಿತು ಹಣ್ಣು ಕೊಯ್ದರು, ಚಕ್ಕಾ ಹಾಕಿದರು, ಪದರ ಕೂಡಿಸಿದರು. ಕೈ ಕೆಲಸದಲ್ಲಿದ್ದಾಗಲೇ, ತಲೆ ಎತ್ತದೆ, ಆ ಮುಂಜಾನೆ ತಾವು ಕೇಳಿಸಿಕೊಂಡದ್ದನ್ನೂ ಈಗ ತಿಳಿದದ್ದನ್ನೂ ಹೇಳಿದರು.

ನೂರಜಹಾನ್ ಬಿಡಿಸಿದ ಸೊಪ್ಪನ್ನು ಪಕ್ಕಕ್ಕೆ ಸರಿಸಿದರು. “ಯಾವ ಗ್ಲಾಸ್ ರೀ? ನನಗ ಖಬರ್ ಇಲ್ಲ.”

“ನಿಮ್ಮ ಮೊಮ್ಮಗ ಬಾಯಿ ಹಾಕಿದ್ದ. ನೀವು ನನಗ ಎಂಜಲ ಕೊಡಬಾರದಂತ...”

“ಇದ್ದೀತು. ದಿನಾ ಒಂದಿಲ್ಲ ಒಂದು ಜೂಟಾ ಮಾಡತಿದ್ದ ಹೈವಾನ್.” ನಗಲು ಹೊರಟ ತುಟಿ ಅರ್ಧಕ್ಕೆ ನಿಂತಿತು. “ನನಗ ಬ್ಯಾರೆ ದಿನ ಯಾದ್ ಅದ. ನಿಮ್ಮನಿಯವರು ಹೋದ ದಿನ. ನಾ ನೀರಿನ ಕೊಡ ಹೊತಗೊಂಡು ನಿಮ್ಮ ಬಾಗಿಲಿಗಿ ಬಂದಿದ್ನಿ. ನೀವು ನನ್ನ ಮುಖ ನೋಡಿ ಒಳಗ ಹೋದ್ರಿ. ಕೊಡ ಅಲ್ಲೇ ಇಟ್ಟು ಬಂದ್ನಿ. ಗುಂಡಣ್ಣ ನನಗ ಬೆಹೆನ್ ಅಂತಿದ್ದ, ಶಿವಕಾಂತಮ್ಮಾರೆ. ಅವನ ಮಾರಿ ನೋಡಾಕ ನೀವು ಬಿಡಲಿಲ್ಲ.”

ಶಿವಕಾಂತಮ್ಮ ಬಸ್ಸಿನಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡ ಮಾತುಗಳೆಲ್ಲ ಒಂದು ಗ್ಲಾಸಿನ ಬಗ್ಗೆ ಇದ್ದವು. ಆ ಕೊಡದ ನೀರಿನಿಂದಲೇ ಗಂಡನಿಗೆ ಸ್ನಾನ ಮಾಡಿಸಿದ್ದೆಂದು ಹೇಳಬೇಕೆನಿಸಿತು. ಅದನ್ನು ಹೇಳಿದರೆ ಎದುರಿನವರಿಗೆ ಸಮಾಧಾನವಾದೀತೋ ಇನ್ನಷ್ಟು ನೋವಾದೀತೋ ತಿಳಿಯಲಿಲ್ಲ.

“ತಪ್ಪಾಗ್ಯದ ನೂರಾ” ಎಂದರು ಕೊನೆಗೆ.

“ಆಯ್ತು ಬಿಡ್ರಿ. ವಯಸ್ಸಾತು ಇಬ್ಬರಿಗೂ.”

ಬಟ್ಟಲನ್ನು ಮುಂದೆ ಇಟ್ಟಾಗ ನೂರಜಹಾನ್ ಅದನ್ನು ಮಂಚದ ಪಕ್ಕದ ಗೂಡಿನಲ್ಲಿಟ್ಟರು. “ಶುಗರ್ ಅದರಿ ನನಗ. ಸೊಸಿ ಬರಲಿ, ಕೇಳಿ ತಿಂತೀನಿ.” ಚಹಾ ಬಂತು. ದತ್ತಪ್ಪನ ತೋಟದ ಸುದ್ದಿ, ಫುರ್ಕಾನನ ಅಂಗಡಿಯ ಸುದ್ದಿ ಆಯಿತು. ಅಳ್ಳು ಮೊಸರಿನ ಮೇಲೆ ಮೆತ್ತಗಾಗುತ್ತಿರುವುದು ಶಿವಕಾಂತಮ್ಮನಿಗೆ ಕುಳಿತಲ್ಲಿಂದಲೇ ಕಾಣುತ್ತಿತ್ತು.

ಹೊರಡುವಾಗ ಗೌತಮಿ ಡಬ್ಬಿ ತೊಳೆಯಲು ಎತ್ತಿಕೊಂಡಳು. ಅಜ್ಜಿ ಅವಳ ಕೈ ಹಿಡಿದರು. “ಇರಲಿ ಬಿಡು, ಚಕ್ಕಾ ಇನ್ನಾ ಉಳದದ. ಆಮ್ಯಾಲ ಕಳಸ್ತಾರ.” ತಿರುಗಿ ಬರುವ ಬಸ್ಸಿನಲ್ಲಿ ಮೊಮ್ಮಗಳಿಗೆ ಕಾರಣ ಹೇಳಿದರು. ಮಂದಿ ಮನೆಯ ಡಬ್ಬಿಯನ್ನು ಯಾರೂ ಖಾಲಿ ಕಳಿಸುವುದಿಲ್ಲ. ಒಂದು ಹಿಡಿ ಸಕ್ಕರೆಯಾದರೂ, ನಾಲ್ಕು ಕಾಳು ಬೇಳೆಯಾದರೂ ಹಾಕಿ ಕಳಿಸುತ್ತಾರೆ. ಗೋಡೆಯ ಆಚೀಚೆ ಇದ್ದ ಕಾಲದಲ್ಲಿ ಅವರಿಬ್ಬರ ನಡುವೆ ಬಟ್ಟಲೊಂದು ಬರಿದಾಗಿ ದಾಟಿದ್ದೇ ಇಲ್ಲ. ನೂರಜಹಾನ್ ಏನು ಹಾಕಿ ಕಳಿಸುತ್ತಾಳೋ ನೋಡಬೇಕು. ಸಕ್ಕರೆ ಬಂದರೂ ಸಾಕು, ಸಿಟ್ಟು ಇಳಿಯಿತೆಂದು ತಿಳಿಯುತ್ತೇನೆ ಎಂದರು.

ಆಮೇಲಿನ ವಾರಗಳಲ್ಲಿ ಗಿರಣಿಯ ಬಗ್ಗೆ ಎರಡು ಬೈಠಕ್ ನಡೆದವು. ಹೊರಗೆ ಆಟೋ ನಿಂತ ಸದ್ದಾದಾಗಲೆಲ್ಲ ಶಿವಕಾಂತಮ್ಮ ಮಾತು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದರು.

ಕೊನೆಗೆ ಫುರ್ಕಾನ್ ಬ್ಯಾಟರಿ ಸಾಮಾನು ಕೊಳ್ಳಲು ಕಲಬುರಗಿಗೆ ಬಂದವನು ಬಾಗಿಲಲ್ಲಿಯೇ ನಿಂತು ಡಬ್ಬಿ ಕೊಟ್ಟ.

“ಅಮ್ಮಿ ಏನರ ಹೇಳ್ಯಾರೇನಪಾ?”

“ಡಬ್ಬಿ ಮುಟ್ಟಿಸಿ ಬಾ ಅಂದಾರ್ರಿ ಖಾಲಾ.”

“ಮೊಸರು ತಿಂದ್ರೇನು?”

“ಗೊತ್ತಿಲ್ರಿ. ನಾ ಅಂಗಡ್ಯಾಗ ಇದ್ನಿ.”

ಡಬ್ಬಿಯನ್ನು ತೊಳೆದು ಒರೆಸಲಾಗಿತ್ತು. ತೊಳೆದದ್ದು ಹಳೆಯ ರಿವಾಜು ಗೊತ್ತಿಲ್ಲದ ಸೊಸೆಯೋ, ಗೊತ್ತಿದ್ದ ಅತ್ತೆಯೋ ಎಂದು ಫುರ್ಕಾನನನ್ನು ಕೇಳಲು ಶಿವಕಾಂತಮ್ಮನಿಗೆ ಬಾಯಿ ಬರಲಿಲ್ಲ. ಬರೆದುಕೊಳ್ಳಿರಿ ಎಂದು ಅವರೇ ಹೇಳಿದ್ದರಿಂದ ಇದನ್ನು ದಾಖಲೆಗೆ ಸೇರಿಸಲಾಗಿದೆ: 2024ರ ಮಾರ್ಚ್ 3, ಭಾನುವಾರ, ಕಮಲಾಪುರದಿಂದ ಡಬ್ಬಿ ಮರಳಿ ಬಂತು, ಒಳಗೆ ಏನೂ ಇರಲಿಲ್ಲ.