ಹೊಸ್ತಿಲಲ್ಲಿ ಬಿಚ್ಚಿಟ್ಟ ಕಾಲು

ನಮ್ಮ ಸೋದರತ್ತೆಯ ಅಂಗೈ ಹಿಮ್ಮಡಿಯ ಹಾಗಿತ್ತು. ದಪ್ಪ, ಒರಟು, ಬೇಸಿಗೆ ಬಂತೆಂದರೆ ಬಿರುಕು. ಅವಳು ಕೆನ್ನೆ ಸವರಿದರೆ ಉರಿಯುತ್ತಿತ್ತು. ಆದರೂ ನಾನು ಕೆನ್ನೆ ಒಡ್ಡುತ್ತಿದ್ದೆ. ಚಿಕ್ಕವಳಿದ್ದಾಗ ಜ್ವರ ಬಂದು ಎರಡೂ ಕಾಲು ಸ್ವಾಧೀನ ತಪ್ಪಿದ ಮೇಲೆ ದೊಡ್ಡಬಳ್ಳಾಪುರದ ನಮ್ಮ ಮನೆಯನ್ನೆಲ್ಲ ಅವಳು ಕೈಯೂರಿ ತೆವಳಿಯೇ ಸುತ್ತಿದವಳು.

ಮೂಲೆ ಹಿಡಿದು ಕೂರುವ ಜೀವ ಅದಲ್ಲ. ಬೀದಿಯ ತುಂಬ ಮಗ್ಗದ ಸದ್ದು, ನಮ್ಮ ಮನೆಯಲ್ಲೂ ಮಗ್ಗ. ಅತ್ತೆ ರಾಟೆ ತಿರುಗಿಸಿ ನೂಲು ಸುತ್ತುತ್ತಲೇ ಹೊರಗೆ ಯಾರು ಹೋದರು, ಯಾವ ಬಸ್ಸು ತಡವಾಯಿತು ಎಂದು ವಿಚಾರಿಸುತ್ತಿದ್ದಳು. ನೂಲು ಹರಿದರೆ ಅದಕ್ಕೂ ಬೈಗುಳ, ಗಂಟು ಹಾಕುವ ತನ್ನ ಕೈಗೂ ಬೈಗುಳ.

ಅರವತ್ತರ ದಶಕದ ಕೊನೆಗೆ ಅಪ್ಪ ತಂಗಿಯನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿ ಕ್ಯಾಲಿಪರ್ ಮಾಡಿಸಿದರು. ತೊಡೆಯಿಂದ ಇಳಿಯುವ ಕಬ್ಬಿಣದ ಸಲಾಕೆ, ನಡುನಡುವೆ ತೊಗಲಿನ ಬೆಲ್ಟು, ಮಂಡಿಯ ಹತ್ತಿರ ಒಂದು ಚಿಲಕ, ತುದಿಯಲ್ಲಿ ಕಪ್ಪು ಬೂಟು. ಚಿಲಕ ಬಿದ್ದರೆ ಕಾಲು ನೆಟ್ಟಗೆ ನಿಲ್ಲುತ್ತಿತ್ತು. ಅಲ್ಲೇ ಕೆಲವು ತಿಂಗಳು ಬಿದ್ದೆದ್ದು ಕಲಿತ ಅತ್ತೆ, ಒಂದು ಮಧ್ಯಾಹ್ನ ಬಸ್ಸಿಳಿದು ಊರುಗೋಲು ಊರಿಕೊಂಡು ಮನೆಯವರೆಗೂ ನಡೆದೇ ಬಂದಳು. ಬೀದಿಯ ಮಗ್ಗಗಳು ನಿಂತವು. ಅಜ್ಜಿ ಅಳುತ್ತಲೇ ಮಗಳಿಗೆ ಆರತಿ ಎತ್ತಿ ದೃಷ್ಟಿ ತೆಗೆದಳು. ಆಮೇಲೆ ಕಣ್ಣೊರೆಸಿಕೊಂಡು, ಬೂಟು ಬಿಚ್ಚಿ ಒಳಗೆ ಬಾ ಎಂದಳು.

"ಬಿಚ್ಚಿದ್ರೆ ನಡೆಯೋದು ಹೆಂಗಮ್ಮ?" ಎಂದಳು ಅತ್ತೆ.

ಬೂಟಿಲ್ಲದೆ ಆ ಕಬ್ಬಿಣ ನಿಲ್ಲುವುದಿಲ್ಲ ಎಂದು ಅಪ್ಪ ಹೇಳಿ ನೋಡಿದರು. ಅಜ್ಜಿ ದೇವರ ಮನೆಯ ಕಡೆ ಕೈ ತೋರಿಸಿ, ತೊಗಲು ಈ ಹೊಸ್ತಿಲು ದಾಟಿ ಒಳಗೆ ಬಂದರೆ ತಾನು ದಾಟಿ ಹೊರಗೆ ಹೋಗುತ್ತೇನೆ ಎಂದುಬಿಟ್ಟಳು. ಅತ್ತೆ ಜಗಲಿಯ ಮೇಲೆ ಕೂತು ಬೆಲ್ಟುಗಳನ್ನು ಬಿಚ್ಚಿ, ಕೈಯೂರಿ ಒಳಗೆ ತೆವಳಿದಳು. ಊರೆಲ್ಲ ನಡೆಯಬಲ್ಲವಳು ತನ್ನ ಮನೆಯಲ್ಲಿ ಮಾತ್ರ ತೆವಳಬೇಕಾಯಿತು.

ಹಾಗಾಗಿ ಅವಳು ಮನೆಯಲ್ಲಿ ಇರುವುದನ್ನೇ ಬಿಟ್ಟಳು. ಬೆಳಿಗ್ಗೆ ಕ್ಯಾಲಿಪರ್ ಕಟ್ಟಿ ಹೊರಟರೆ ದೀಪ ಹಚ್ಚುವ ಹೊತ್ತಿಗೇ ವಾಪಸ್ಸು. ಘಾಟಿಯ ದೇವಸ್ಥಾನಕ್ಕೆ ಹೋಗುವವರನ್ನು ಬಸ್ಸು ಹತ್ತಿಸುವುದು, ಬಾಣಂತಿಯರನ್ನು ವಿಚಾರಿಸುವುದು, ಕೆಲಸವಿಲ್ಲದಿದ್ದರೆ ಸುಮ್ಮನೆ ಬೀದಿಯ ಆ ತುದಿಯಿಂದ ಈ ತುದಿ. ಯಾರಾದರೂ ಕೂತ್ಕೊಳಮ್ಮ ಎಂದರೆ, "ಈ ಜನ್ಮಕ್ಕಾಗೋವಷ್ಟು ಕೂತಾಯ್ತು ಬಿಡಿ" ಎನ್ನುತ್ತ ಮುಂದಕ್ಕೆ ಹೋಗುವಳು. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಜನ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಸಂಜೆಯಾದರೆ ಪುಸ್ತಕ ಹಿಡಿದು ಕೂರಲಾರದೆ ಬಾಗಿಲಿಗೂ ಒಳಕ್ಕೂ ಓಡಾಡುತ್ತಿದ್ದೆ. ಬೆಲ್ಟು ಬಿಚ್ಚುವ ಸದ್ದು ಕೇಳಿದೊಡನೆ ಅಜ್ಜಿಯ ಮೇಲೆ ಕೆಟ್ಟ ಕೋಪ ಬರುತ್ತಿತ್ತು. ಆ ಹೊತ್ತಿಗೆ ಅಜ್ಜಿಯೂ ನೋಡಲಾರದೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು ಎಂದು ಅಮ್ಮ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಹೀಗೇ ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಅಜ್ಜಿ ಜಗಲಿಯಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಆತುರದಲ್ಲಿ ಹೊರಟಿದ್ದ ಅತ್ತೆಯ ಬೂಟು ಮೊರಕ್ಕೆ ಬಡಿಯಿತು.

"ನೋಡ್ಕೊಂಡು ಹೋಗ್ಬಾರ್ದೇನೇ? ಮೊರಕ್ಕೆ ಕಾಲು ತಗುಲ್ತು. ಮುಟ್ಟಿ ಕಣ್ಣಿಗೊತ್ಕೋ."

ಚಿಲಕ ಬಿದ್ದ ಕಾಲಲ್ಲಿ ಅತ್ತೆಗೆ ಬಗ್ಗಲಾಗುತ್ತಿರಲಿಲ್ಲ. ಅಜ್ಜಿಯೇ ಮೊರ ಎತ್ತಿ ಹಿಡಿದಳು. ಅತ್ತೆ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಆದರೆ ಅಲ್ಲಿಂದ ಕದಲಲಿಲ್ಲ.

"ಏನು ತಗುಲ್ತು ಅಂದೆ ಅಮ್ಮ?"

"ಕಾಲು" ಎಂದಳು ಅಜ್ಜಿ.

"ಬೂಟು ತಗುಲಿದ್ರೆ ಆ ರಾಗೀನ ಕೋಳಿಗೆ ಚೆಲ್ಲಿಬಿಡ್ತಿದ್ದೆ ನೀನು. ಕಾಲು ಅಂತ ತಾನೇ ನಮಸ್ಕಾರ ಮಾಡಿಸ್ದೆ?"

ಅಜ್ಜಿ ಮೊರ ಕೆಳಗಿಟ್ಟು ಒಳಗೆ ಹೋದಳು. ಗಂಟು ಕಟ್ಟಿಕೊಂಡು ಮನೆ ಬಿಟ್ಟು ಹೋಗುತ್ತಾಳೆಂದೇ ನಾನು ಹೆದರಿದೆ. ಅವಳು ಚೊಂಬಿನಲ್ಲಿ ನೀರು ತಂದು, ಹೊರಗಿನಿಂದ ಬಂದ ಯಾರಿಗಾದರೂ ಹೇಳುವ ಹಾಗೆ, ಕಾಲು ತೊಳ್ಕೊಂಡು ಒಳಕ್ಕೆ ಬಾ ಎಂದಳು. ಸುರಿಯಲು ಬಗ್ಗಿದವಳಿಗೆ ಕಬ್ಬಿಣ ತುಕ್ಕು ಹಿಡಿದೀತೆಂದು ಹೊಳೆದಿರಬೇಕು, ಸೆರಗಿನ ತುದಿ ಅದ್ದಿ ಹಿಂಡಿದಳು. ಅತ್ತೆ ಕಂಬಕ್ಕೆ ಒರಗಿ ನಿಂತಳು. ಅಜ್ಜಿ ಒಂದೊಂದೇ ಕಾಲನ್ನು ಎತ್ತಿ ಅಡಿ ಒರೆಸಿದಳು.

ಅಷ್ಟು ವರ್ಷ ನೆಲದಿಂದ ಮಾತ್ರ ಮನೆ ನೋಡಿದ್ದ ಅತ್ತೆ ನಡುಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ, ಗೋಡೆಗೆ ಎತ್ತರದಲ್ಲಿ ಹೊಡೆದ ನಾಗಂದಿಗೆ ಹಲಗೆಯ ಮೇಲೆ ಬೆರಳಾಡಿಸಿದ್ದು. ಬೆರಳು ತಿರುಗಿಸಿ ಅಜ್ಜಿಗೆ ತೋರಿಸಿದಳು. "ಇಷ್ಟು ಧೂಳಿಟ್ಕೊಂಡು ನನಗೆ ಮಡಿ ಹೇಳ್ತಿದ್ಯಾ?"

ಅಜ್ಜಿ ನಕ್ಕಳು, ನಗುತ್ತ ನಗುತ್ತ ಅತ್ತಳು. ಅಂದಿನಿಂದ ಬಾಗಿಲ ಹಿಂದೆ ಒಂದು ಒದ್ದೆ ಬಟ್ಟೆ ಸದಾ ತೂಗುತ್ತಿತ್ತು.

ಮೊನ್ನೆ ಟೀವಿಯಲ್ಲಿ ಸೊಂಟದ ಕೆಳಗೆ ಸ್ವಾಧೀನವಿಲ್ಲದ ಹುಡುಗನೊಬ್ಬ ಬ್ಯಾಟರಿಯಿಂದ ನಡೆಯುವ ಯಂತ್ರದ ಕಾಲು ತೊಟ್ಟು ಹೆಜ್ಜೆ ಹಾಕುವುದನ್ನು ತೋರಿಸಿದರು. ಮನೆಯವರೆಲ್ಲ ಬೆರಗಾದರು. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಈ ಹುಡುಗ ಮನೆಗೆ ಹೋದ ಮೇಲೆ ಅದನ್ನು ಎಲ್ಲಿ ಬಿಚ್ಚಿಡುತ್ತಾನೆ ಎಂಬುದೊಂದೇ ಯೋಚನೆ.

ಅತ್ತೆ ಹೋದದ್ದು ಎಪ್ಪತ್ತರ ದಶಕ ಮುಗಿಯುವ ಮುಂಚೆ, ಎದೆಯಲ್ಲಿ ಕಫ ಕಟ್ಟಿ, ಅಜ್ಜಿಯ ಕಣ್ಣೆದುರೇ. ಅವಳನ್ನು ನಡುಮನೆಯಲ್ಲಿ ಮಲಗಿಸಿದ್ದರು. ನೋಡಲು ಬಂದವರು ಚಪ್ಪಲಿ ಬಿಟ್ಟಿದ್ದ ಕಡೆ, ಜಾಗ ಮಾಡಲೆಂದು ಯಾರೋ ಕ್ಯಾಲಿಪರನ್ನೂ ಇಟ್ಟಿದ್ದರು. ಅದುವರೆಗೆ ಅಳದೆ ಕೂತಿದ್ದ ಅಜ್ಜಿ ಅದನ್ನು ನೋಡಿ ಎದ್ದಳು.

"ನನ್ನ ಮಗಳ ಕಾಲನ್ನ ಯಾರು ಹೊರಗಿಟ್ಟೋರು?"

ಬಾಗಿಲ ಹಿಂದಿನ ಬಟ್ಟೆ ತೆಗೆದುಕೊಂಡು ಹೊರಗೆ ಹೋಗಿ ಎರಡೂ ಅಡಿ ಒರೆಸಿ, ಎದೆಗವುಚಿಕೊಂಡು ಹೊಸ್ತಿಲು ದಾಟಿ ಒಳಗೆ ಬಂದಳು.