ಸೋಪು ಮುಟ್ಟದ ಕೈ

ಬೆಳಿಗ್ಗೆ ಕೆಲಸದ ಕೋಣೆಗೆ ಕಾಲಿಡುವ ಮೊದಲು ನಮ್ಮ ಪಕ್ಕದ ಮನೆಯ ಅಕ್ಕ ಮೊಣಕೈವರೆಗೆ ಮೂರು ಸಲ ಬರೀ ನೀರಿನಲ್ಲಿ ಕೈ ತೊಳೆದು, ಬೆರಳು ಮೂಸಿ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಇದು ತಪ್ಪಲಿಲ್ಲ. ಕೊಲ್ಲಿಯ ನೀರನ್ನು ಪರೀಕ್ಷಿಸುವ ಕಚೇರಿಯಲ್ಲಿ ಬಾಟಲಿ ತೊಳೆಯುವುದು ಅವಳ ಕೆಲಸ. ಅಲ್ಲಿ ಸೋಪು ತರುವಂತಿಲ್ಲ. ನೀರಿನಲ್ಲಿ ಹುಡುಕುವ ರಂಜಕ ಸೋಪಿನಲ್ಲೂ ಇರುತ್ತದೆ. ಒಂದು ಹನಿ ನೊರೆ ಉಳಿದರೂ ಪರೀಕ್ಷೆ ಸುಳ್ಳಾಗುತ್ತದೆ. ಬಾಟಲಿಗಳನ್ನು ತೆಳು ಆಮ್ಲದಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಐದು ಸಲ ಜಾಲಿಸಿ, ಬೋರಲು ಹಾಕಿ ಒಣಗಿಸಬೇಕು. ಮನೆಯಲ್ಲೂ ಅವಳು ಸೋಪು ಮುಟ್ಟುವುದನ್ನು ಬಿಟ್ಟಳು. ಪಾತ್ರೆ ತೊಳೆಯುವುದು ಗಂಡನ ಪಾಲಿಗೆ ಬಂತು.

"ಒಳ್ಳೇ ನೆಪ ಹುಡುಕಿದೀಯ ಬಿಡು" ಎಂದು ಅವನು ಗೊಣಗುತ್ತಲೇ ಉಜ್ಜುತ್ತಿದ್ದ.

ಅವಳ ತಮ್ಮ ಅದೇ ಕೊಲ್ಲಿಯ ಕೆಸರಿನಲ್ಲಿ ತಿನ್ನುವ ಚಿಪ್ಪುಮೀನು ಆಯ್ದು ಮಾರುವವನು. ನೀರಿನಲ್ಲಿ ರಂಜಕದಂಥ ಪೋಷಕಾಂಶ ಹೆಚ್ಚಾಗಿದೆ ಎಂದು ಅವಳು ಮೊದಲ ಸಲ ಹೇಳಿದಾಗ ಅವನು ನಕ್ಕಿದ್ದ.

"ಪೋಷಕಾಂಶ ಅಂದ್ರೆ ಒಳ್ಳೇದಲ್ವೇನೇ ಅಕ್ಕ? ಕೊಲ್ಲಿಗೆ ಹೊಟ್ಟೆ ತುಂಬ ಊಟ."

"ಊರಿನ ಚರಂಡಿಯೆಲ್ಲ ಅದರ ಬಾಯಿಗೇ ಕಣೋ. ಅದನ್ನ ತಿಂದು ಪಾಚಿ ಕೊಬ್ಬುತ್ತೆ, ಸತ್ತು ಕೊಳೆಯುತ್ತೆ. ತಳದಲ್ಲಿರೋ ನಿನ್ನ ಚಿಪ್ಪಿಗೆ ಉಸಿರೇ ಸಿಗಲ್ಲ."

ಮೊದಲೆಲ್ಲ ಕೊಲ್ಲಿಯ ನೀರು ಸೋಸಿದರೆ ಬಿಳಿ ಕಾಗದದ ಮೇಲೆ ತಿಳಿಕಂದು ಬಣ್ಣವಷ್ಟೇ ಉಳಿಯುತ್ತಿತ್ತು. ಈಚೆಗೆ ಅರ್ಧ ಬಾಟಲಿಗೇ ಹಸಿರು ಲೋಳೆ ಕಟ್ಟಿ ನೀರು ಇಳಿಯದೆ ನಿಲ್ಲುತ್ತಿತ್ತು. ತಮ್ಮನ ಬುಟ್ಟಿಯಲ್ಲಿ ಬಾಯಿ ತೆರೆದ ಸತ್ತ ಚಿಪ್ಪುಗಳು ಹೆಚ್ಚಾದವು. ಅವನ ನಗೆಚಾಟಿಕೆಯೂ ನಿಂತಿತು.

ಉಳಿದಿದ್ದು ಒಂದೇ ಆಸೆ. ಚರಂಡಿಯ ಎರಡನೇ ಕೊಳವೆಯನ್ನೂ ಕೊಲ್ಲಿಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆಗೆ ಆ ವರ್ಷದ ಪರೀಕ್ಷೆಯ ಅಂಕಿಗಳು ಹೋಗಬೇಕಿತ್ತು. ನಾನೂ ಸಂಜೆಯ ಪ್ರಾರ್ಥನೆಯಲ್ಲಿ ಅದನ್ನು ಸೇರಿಸಿಕೊಂಡಿದ್ದೆ. ಅಂಕಿಗಳು ಹೋಗಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಅಧಿಕಾರಿ ಅವಳನ್ನು ಕರೆಸಿದರು.

"ಈ ವರ್ಷ ರಂಜಕ ವಿಪರೀತ ಬಂದಿದೆಯಲ್ಲಮ್ಮ. ಬಾಟಲಿಯಲ್ಲಿ ಸೋಪು ಉಳಿದಿತ್ತು ಅಂತ ಮೇಲಿನವರು ಎಲ್ಲಾನೂ ರದ್ದು ಮಾಡಿದ್ದಾರೆ."

"ದಿನಾ ಒಂದು ಬಾಟಲಿಗೆ ಬರೀ ಶುದ್ಧ ನೀರು ತುಂಬಿ, ನಾನು ತೊಳೆದದ್ದು ಸರೀನಾ ಅಂತ ನೀವೇ ನೋಡ್ತೀರಲ್ಲ ಸಾರ್. ಅದರಲ್ಲಿ ಒಂದು ಸಲಾನಾದ್ರೂ ಏನಾದ್ರೂ ಬಂದಿತ್ತಾ?"

"ಇಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ನನಗೆ ಗೊತ್ತಿಲ್ವಾ? ಆದ್ರೆ ಸಭೆ ನಿನ್ನೇನೇ ಮುಗೀತು. ಕೊಳವೆಗೆ ಒಪ್ಪಿಗೆ ಆಯ್ತು."



ಅವರು ಕೆಟ್ಟವರಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ. ದನಿ ತಗ್ಗಿಸಿ ಅವರೇ ಮುಂದುವರಿಸಿದರು: "ತಪ್ಪು ನಿಮ್ಮ ತಲೆ ಮೇಲೆ ಬರದ ಹಾಗೆ ನೋಡ್ಕೋತೀನಿ. ಬಾಟಲಿ ಬರುವಾಗಲೇ ಸೋಪು ಹತ್ತಿತ್ತು, ತೊಳೆದವರ ತಪ್ಪಲ್ಲ ಅಂತ ಬರೀತೀನಿ. ಕೆಲಸ ಉಳಿಯುತ್ತೆ. ಅಷ್ಟು ಮಾಡ್ಲಾ?"

ಅವಳು ಕೈ ನೋಡಿಕೊಂಡಳು. ಆಮ್ಲಕ್ಕೆ ಉಗುರಿನ ಸುತ್ತ ಚರ್ಮ ಒಡೆದಿತ್ತು.

"ಬೇಡ ಸಾರ್. ನನ್ನನ್ನ ಉಳಿಸೋಕೆ ಬರೆದ್ರೂ ಸೋಪಿತ್ತು ಅಂತಲೇ ಬರೀಬೇಕಲ್ಲ. ಸೋಪಿರಲಿಲ್ಲ."