ಪಾಲಿಗೆ ಕೊಟ್ಟ ಎಂಟು ಹೇಂಟೆಗಳು

ಹಟ್ಟಿಕೇರಿಯ ದೇವಕಿಯ ಅಂಗಳಕ್ಕೆ ಹಕ್ಕಿಜ್ವರ ಕಳಿಸಿದವನು ನಾನು. ಕಾಗೆಯಲ್ಲ, ಕಡಲಹಕ್ಕಿಯಲ್ಲ, ಅವಳು ಮೀನು ಒಣಗಿಸುವ ಬಯಲೂ ಅಲ್ಲ — ನಾನು. ಊರು ಇಷ್ಟು ವರ್ಷ ನಂಬಿದ ಸುಳ್ಳನ್ನು ಹುಟ್ಟಿಸಿದವನೂ ನಾನೇ.

ಒಂದು ಬೆಳಿಗ್ಗೆ ನನ್ನ ಕೋಳಿ ಶೆಡ್ಡಿನಲ್ಲಿ ಹೆಣಗಳು ಬಿದ್ದಿದ್ದವು. ಜುಟ್ಟು ನೀಲಿಗಟ್ಟಿತ್ತು, ಮುಖ ಊದಿತ್ತು. ಹೈಸ್ಕೂಲು ಮುಗಿಸಿದವನು, ದಿನವೂ ಪತ್ರಿಕೆ ಓದುವವನು — ಅದೇನೆಂದು ನನಗೆ ಗೊತ್ತಾಯಿತು. ಪಶು ಆಸ್ಪತ್ರೆಗೆ ತಿಳಿಸಿದರೆ ಒಂದನ್ನೂ ಉಳಿಸುವುದಿಲ್ಲವೆಂಬುದೂ ಗೊತ್ತಿತ್ತು. ಸತ್ತವನ್ನು ಶೆಡ್ಡಿನ ಹಿಂದೆ ಹೂತೆ. ಕಾಲ ಮೇಲೆ ನಿಂತಿದ್ದವನ್ನು ಅರ್ಧ ಬೆಲೆಗೆ ಮಾರಿದೆ. ಅರ್ಧ ಬೆಲೆ ಯಾಕೆಂದು ಊರಿನ ಒಬ್ಬನೂ ಕೇಳಲಿಲ್ಲ. ಚೀಲ ಹಿಡಿದು ಸಾಲು ನಿಂತರು.

ಮೊಟ್ಟೆಯಿಡುವ ಎಂಟು ಹೇಂಟೆಗಳ ಮೇಲೆ ಮಾತ್ರ ನನಗೆ ಆಸೆ. ರೋಗದ ಶೆಡ್ಡಿನಿಂದ ದೂರವಿದ್ದರೆ ಉಳಿದಾವೆಂದು ಅವನ್ನು ಹಳ್ಳದಾಚೆಯ ದೇವಕಿಗೆ ಪಾಲಿಗೆ ಕೊಟ್ಟೆ. ನಮ್ಮಲ್ಲಿ ಪಾಲಿಗೆ ಕೊಡುವುದೆಂದರೆ ಸಾಕುವವರು ಅವರು; ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಕಾಗದವಿಲ್ಲ, ಸಾಕ್ಷಿಯಿಲ್ಲ, ಬಾಯಿಮಾತಷ್ಟೆ. ದೇವಕಿ ಮೀನು ಮಾರಿ ಬದುಕುವ ವಿಧವೆ. ಅವಳ ಅಂಗಳದಲ್ಲಿ ಇಪ್ಪತ್ತು ಊರಕೋಳಿಗಳಿದ್ದವು.

"ನಾಯ್ಕರೆ, ಇದ್ಯಾಕೆ ತೂಕಡಿಸ್ತದೆ? ನಿಮ್ಮ ಸಂಗಡ ಕುಡ್ದು ಬಂದದ್ಯಾ?" ಎಂದು ನಕ್ಕಳು.

"ಸೆಖೆ ಮಾರಾಯ್ತಿ. ನಾಲ್ಕ್ ದಿವ್ಸ ನೆಳ್ಳಲ್ಲಿ ಇದ್ರೆ ಸಮ ಆಗ್ತದೆ" ಎಂದೆ.

ವಾರದೊಳಗೆ ನನ್ನ ಹೇಂಟೆಗಳು, ಬೆನ್ನಿಗೇ ಅವಳ ಕೋಳಿಗಳು ಒಂದೊಂದಾಗಿ ಸಾಯತೊಡಗಿದವು. ಓದು ಬಾರದ ಆ ಹೆಂಗಸು ನಾನು ಮಾಡದ್ದನ್ನು ಮಾಡಿದಳು — ಸತ್ತ ಕೋಳಿಯೊಂದನ್ನು ಮೀನಿನ ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದಳು. ಪರೀಕ್ಷೆಯಾಯಿತು. ಮೈತುಂಬ ಬಿಳಿ ಪ್ಲಾಸ್ಟಿಕ್ ತೊಟ್ಟವರು ಬಂದು ಅವಳಲ್ಲಿ ಉಳಿದವನ್ನೂ, ಸುತ್ತಲಿನ ಮನೆಗಳ ಕೋಳಿಗಳನ್ನೂ ಕೊಂದು ಸುಣ್ಣ ಸುರಿದು ಹೂತರು. ರೋಗ ಎಲ್ಲಿಂದ ಬಂತೆಂದು ಡಾಕ್ಟರು ಕೇಳಿದರು. ನೆರೆದವರಲ್ಲಿ ನಾನೂ ಇದ್ದೆ. ದೇವಕಿ ನನ್ನನ್ನೇ ನೋಡಿದಳು.

"ಪಾಲಿನ ಕೋಳಿ ಯಾರ್ದು ಅಂತ ಕೊಟ್ಟವ್ರೇ ಹೇಳ್ಬೇಕು."

ನಾನು ಹೇಳಿದ್ದು ಇದು: "ನಾ ಯಾವ ಕೋಳಿನೂ ಕೊಡ್ಲಿಲ್ಲ ಸರ್. ಇವ್ಳ ಕೋಳಿ ಮೀನಿನ ಬಯಲಲ್ಲಿ ಕಾಗೆ ಸಂಗಡ ಹೆಕ್ಕಿ ತಿಂತವೆ. ರೋಗ ಅಲ್ಲಿಂದ್ಲೇ."

ಅವಳು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ವಾದಿಸಿದ್ದರೂ, ಬುಟ್ಟಿ ಹೊರುವವಳ ಮಾತು ಮೇಲೋ, ಇಸ್ತ್ರಿ ಅಂಗಿಯವನ ಮಾತು ಮೇಲೋ — ಅದನ್ನು ಲೆಕ್ಕ ಹಾಕಿಯೇ ನಾನು ಮಾತಾಡಿದ್ದೆ.

ಆಗ ಕೋಳಿ ಮುಟ್ಟುವವರಿಲ್ಲದೆ ಬಾಂಗಡೆ ಮೀನಿನ ಬೆಲೆ ದುಪ್ಪಟ್ಟಾಯಿತು. ಅಂಕೋಲೆ ಪೇಟೆಯಲ್ಲಿ ಮೀನು ಮಾರುವ ಹೆಂಗಸರೆಲ್ಲ ಹತ್ತು ಗಂಟೆಗೇ ಬುಟ್ಟಿ ಖಾಲಿ ಮಾಡಿ ಎದ್ದರು. ಜೀವಮಾನದಲ್ಲಿ ಒಮ್ಮೆ ಬರುವ ಅಂಥ ದಿನಗಳಲ್ಲಿ ದೇವಕಿಯ ಮೀನು ಮಾತ್ರ ಬಿಸಿಲಿಗೆ ಕೊಳೆಯಿತು. "ಅದು ರೋಗದ ಕೈ" ಎಂದರು — ನನ್ನ ಅರ್ಧ ಬೆಲೆಯ ಕೋಳಿಯ ಎಲುಬು ಚೀಪಿದ ಬಾಯಿಗಳೇ. ಥೂ, ಎಂಥ ಜನ. ಆದರೆ ಅವರನ್ನು ಬೈಯಲು ನಾನ್ಯಾರು? ನಾನೂ ಅವಳನ್ನು ದಾಟಿ ಪಕ್ಕದ ಬುಟ್ಟಿಯಲ್ಲಿ ಬಾಂಗಡೆ ಕೊಂಡೆ. ಚೌಕಾಸಿ ಮಾಡಿ, ಅವಳಿಗೆ ಕೇಳುವಂತೆ.

ಜನ ಹೆದರಿಕೆ ಮರೆತರು, ಕೋಳಿಯ ಬೆಲೆ ಏರಿತು, ನಾನು ಹೊಸ ಮರಿ ತಂದೆ. ಊರು ನನ್ನನ್ನು ಬುದ್ಧಿವಂತನೆಂದಿತು. ದೇವಕಿ ಮತ್ತೆ ಕೋಳಿ ಸಾಕಲಿಲ್ಲ. ಇಂದಿಗೂ ಮೀನಿನ ಸಾಲಿನ ಕೊನೆಯಲ್ಲಿ, ಒಂದಾಳು ದೂರ ಬಿಟ್ಟು ಕೂರುತ್ತಾಳೆ. ಆ ದೂರ ನಾನು ಕೊಟ್ಟದ್ದು.

ಇದನ್ನು ಅಚ್ಚಿಗೆ ಕಳಿಸಿ ಮನೆಯೊಳಗೆ ಕೂತರೆ ಅದು ಇನ್ನೊಂದು ಹೇಡಿತನ. ಅವಳಿಗೆ ಓದು ಬಾರದು. ನಾಳೆ ಪೇಟೆಗೆ ಹೋಗಿ, ಮೀನು ಕೊಳ್ಳುವವರ ನಡುವೆ, ಅವಳ ಬುಟ್ಟಿಯ ಮುಂದೆ ನಿಂತು ಇದನ್ನು ಗಟ್ಟಿಯಾಗಿ ಓದುತ್ತೇನೆ. ಅವಳ ಬಾಯಲ್ಲಿ ಯಾವಾಗಲೂ ಎಲೆಅಡಿಕೆಯ ಕವಳವಿರುತ್ತದೆ. ಉಗಿದರೆ — ನಾನು ಸರಿದು ನಿಲ್ಲುವುದಿಲ್ಲ.